ಕೆಂಪು ಕಟ್ಟಡ ಉಳಿಯಿತು, ಒಳಗೆ ನಮ್ಮ ಮಾತೆಲ್ಲಿ?

ಕಬ್ಬನ್ ಪಾರ್ಕ್ ಅಂಚಿನ ಕೆಂಪು ಹೈಕೋರ್ಟ್ ಕಟ್ಟಡದ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಹೆಸರು ಅಠಾರಾ ಕಚೇರಿ. 1868ರಲ್ಲಿ ಕಟ್ಟಿ ಮುಗಿಸಿದ ಮೇಲೆ ಸರ್ಕಾರದ 18 ಇಲಾಖೆಗಳು ಅಲ್ಲಿದ್ದವು, ಅದಕ್ಕೇ ಆ ಹೆಸರು. 1956ರಲ್ಲಿ ವಿಧಾನಸೌಧ ಎದ್ದಿತು, ಸಚಿವಾಲಯ ಎದುರಿಗೆ ಹೋಯಿತು. 1980ರ ದಶಕದಲ್ಲಿ ಈ ಕಟ್ಟಡವನ್ನೇ ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ಕೋರ್ಟಿಗೆ ಹೋದರು. ಕಟ್ಟಡ ಉಳಿಯಿತು. ಒಳ್ಳೆಯದೇ ಆಯಿತು.

ಆದರೆ ಗೋಡೆ ಉಳಿಸಿದರೆ ಸಾಕೇ? ಒಳಗೆ ನಡೆಯುವುದು ನಮಗೆ ಅರ್ಥವಾಗಬೇಡವೇ?

ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ. ಪೀಣ್ಯ, ವೈಟ್‌ಫೀಲ್ಡ್ ಕಡೆಯೂ ಹೊಲ ಹೋಗಿಯೇ ಶೆಡ್ಡು, ಟೆಕ್‌ಪಾರ್ಕು ಬಂದವು. ಕೆಐಎಡಿಬಿ ಜಮೀನು ಹಿಡಿಯುವುದು 1966ರ ಕಾಯ್ದೆಯಡಿ. ಮೊದಲು 28(1) ನೋಟಿಸು, ತಕರಾರು ಕೇಳಿದ ಮೇಲೆ 28(4) ಅಂತಿಮ ಅಧಿಸೂಚನೆ. ಅದನ್ನು ಪ್ರಶ್ನಿಸಬೇಕೆಂದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಪಹಣಿ ಕನ್ನಡದಲ್ಲಿದೆ, ಕ್ರಯಪತ್ರ ಕನ್ನಡದಲ್ಲಿದೆ, ತೀರ್ಪು ಮಾತ್ರ ಇಂಗ್ಲಿಷಿನಲ್ಲಿ. ಜಮೀನು ಕಳೆದುಕೊಂಡವರು ಹಿಂದೆ ನಿಂತು ವಕೀಲರ ಮುಖ ನೋಡಿ ಗೆದ್ದೆವೋ ಸೋತೆವೋ ಅಂತ ಊಹಿಸಬೇಕು.

ಕಾನೂನಿಗೆ ಕನ್ನಡದಲ್ಲಿ ಪದಗಳಿಲ್ಲ ಎನ್ನುತ್ತಾರೆ. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ತೀರ್ಪು ಬರೆದ ನ್ಯಾಯಾಧೀಶರಿದ್ದಾರೆ. ಹೊರರಾಜ್ಯದ ನ್ಯಾಯಮೂರ್ತಿಗಳು ಬರುತ್ತಾರಲ್ಲ ಎನ್ನುತ್ತಾರೆ. ಅದು ನಿಜ, ಅದಕ್ಕೆ ಅನುವಾದಕರಿರಬೇಕು. ಸಂವಿಧಾನದ 348(2)ನೇ ವಿಧಿಯಲ್ಲಿ ದಾರಿಯಿದೆ. ಅದರಂತೆ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಒಪ್ಪಿಗೆ ಸಿಕ್ಕಿದೆ. ಕನ್ನಡ, ತಮಿಳು, ಗುಜರಾತಿ, ಬಂಗಾಳಿಯ ಪ್ರಸ್ತಾವಗಳಿಗೆ 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಿಂದಿಗೆ ತೆರೆದ ಬಾಗಿಲು ಕನ್ನಡಕ್ಕೆ ಏಕೆ ಮುಚ್ಚಿದೆ?

2013ರಲ್ಲಿ ಧಾರವಾಡ, ಕಲಬುರಗಿಗೆ ಕಾಯಂ ಪೀಠ ಕೊಟ್ಟು ದಾರಿಯ ದೂರ ತಗ್ಗಿಸಿದರು. ಮಾತಿನ ದೂರ ಹಾಗೇ ಇದೆ. ಆನೇಕಲ್‌ನಿಂದ ಬಸ್ಸು ಹತ್ತಿದರೆ ಅದೇ ದಿನ ಹೈಕೋರ್ಟ್ ಮುಟ್ಟುವ ನಮಗೂ ಇದೆ.

ನಾವು ಕೇಳುವುದು ಎರಡೇ. ಸರ್ಕಾರ ಕನ್ನಡದ ಪ್ರಸ್ತಾವವನ್ನು ಮತ್ತೆ ಕಳಿಸಲಿ. ಅಲ್ಲಿಯವರೆಗೆ, ಭೂಸ್ವಾಧೀನದ ಪ್ರತಿ ಕೇಸಿನಲ್ಲೂ ತೀರ್ಪಿನ ಜೊತೆಗೇ ಅದರ ಕನ್ನಡ ಪ್ರತಿಯೂ ರೈತರ ಕೈಗೆ ಸಿಗಲಿ.

ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಮಾತನ್ನು ಠರಾವು ಮಾಡಿಸಿ, ನಿಮ್ಮ ಶಾಸಕರಿಗೆ ಕಳಿಸಿ. ಕಟ್ಟಡ ಉಳಿದದ್ದು ಜನ ಕೇಳಿದ್ದರಿಂದ. ಇದೂ ಕೇಳದೆ ಸಿಗುವುದಿಲ್ಲ.