ಬಳ್ಳಾರಿ ಜೀನ್ಸ್: ಮನೆಯಲ್ಲಿ ಹುಟ್ಟಿದ ಹೆಸರು ಮಾರುಕಟ್ಟೆಯಲ್ಲಿ ಉಳಿದೀತೇ?

ಪಾಯಿಂಟ್ ಬ್ಲ್ಯಾಂಕ್, ವಾಕರ್ ಎಂಬ ಹೆಸರು ನೋಡಿದ ಗಿರಾಕಿ ಇದು ಹೊರದೇಶದ ಮಾಲೆಂದೇ ತಿಳಿಯುತ್ತಾನೆ. ಇವು ಬಳ್ಳಾರಿಯ ಪ್ಯಾಂಟುಗಳು. ಸೊಂಟಪಟ್ಟಿಯ ಮೇಲೆ ಹೊಲಿದ ಇಂತಹ ಲೇಬಲ್ಲುಗಳ ಹಿಂದೆ ಆ ಊರಿನ ಎಷ್ಟೋ ಕುಟುಂಬಗಳ ತಲೆಮಾರುಗಳ ದುಡಿಮೆಯಿದೆ.

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಊರು. ಸೈನಿಕರ ಸಮವಸ್ತ್ರ ಹೊಲಿಯಲು ಬಂದ ದರ್ಜಿ ಕುಟುಂಬಗಳಿಂದಲೇ ಈ ಕಸುಬು ಬೆಳೆಯಿತೆಂದು ಅಲ್ಲಿಯವರು ಹೇಳುತ್ತಾರೆ. ದಂಡು ಹೋಯಿತು, ಹೊಲಿಗೆ ಉಳಿಯಿತು. ಜೀನ್ಸ್ ತೊಡುವ ರೂಢಿ ಹಬ್ಬಿದ ಮೇಲೆ ಕೈಗಳು ದಪ್ಪ ಬಟ್ಟೆಗೆ ಒಗ್ಗಿಕೊಂಡವು. ಮೊದಲು ಬೇರೆಯವರ ಬಟ್ಟೆಗೆ ಕೂಲಿ ಹೊಲಿಗೆ, ಆಮೇಲೆ ಸ್ವಂತ ಬಟ್ಟೆ, ಕೊನೆಗೆ ಸ್ವಂತ ಹೆಸರು. ಅಪ್ಪ ಕತ್ತರಿ ಹಿಡಿದರೆ, ಅಣ್ಣ ಹೊಲಿಗೆಯವರನ್ನು ನೋಡಿಕೊಳ್ಳುತ್ತಾನೆ, ತಮ್ಮ ಮಾದರಿಗಳ ಚೀಲ ಹಿಡಿದು ಊರೂರು ತಿರುಗುತ್ತಾನೆ. ದಾರ ಕತ್ತರಿಸುವ, ಗುಂಡಿ ಹಾಕುವ ಕೆಲಸ ಅಕ್ಕಪಕ್ಕದ ಮನೆಗಳ ಹೆಂಗಸರಿಗೆ ಹೋಗುತ್ತದೆ. ಜಾಹೀರಾತಿಗೆ ಹಣವಿಲ್ಲ. ಅಂಗಡಿಯವನು ಎರಡನೆಯ ಸಲ ಅದೇ ಹೆಸರು ಹೇಳಿ ಮಾಲು ಕೇಳಿದ ದಿನವೇ ಬ್ರ್ಯಾಂಡ್ ಹುಟ್ಟಿದ ದಿನ.

ಡೆನಿಮ್ ಬಟ್ಟೆ ಹೆಚ್ಚಾಗಿ ಬರುವುದು ಅಹಮದಾಬಾದಿನ ಕಡೆಯಿಂದ. ಅಲ್ಲಿಯ ಅರವಿಂದ್ ಮಿಲ್ಸ್ 1931ರಲ್ಲಿ ಕಸ್ತೂರಭಾಯಿ ಲಾಲಭಾಯಿ ಮತ್ತು ಅವರ ಸಹೋದರರು ಕಟ್ಟಿದ್ದು. ಆನಂದಜಿ ಕಲ್ಯಾಣಜಿ ಪೇಢಿಯ ಮುಖ್ಯಸ್ಥರಾಗಿ ರಾಣಕಪುರ, ದಿಲ್ವಾಡಾ ಬಸದಿಗಳ ಜೀರ್ಣೋದ್ಧಾರ ಮಾಡಿಸಿದ ಕಸ್ತೂರಭಾಯಿಯವರನ್ನು ಜೈನ ಕುಟುಂಬಗಳಿಗೆ ಪರಿಚಯಿಸಬೇಕಿಲ್ಲ. 1995ರಲ್ಲಿ ಇದೇ ಕಂಪನಿ ಬಟ್ಟೆ, ಜಿಪ್, ರಿವೆಟ್, ಲೇಬಲ್ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿಟ್ಟು 195 ರೂಪಾಯಿಗೆ 'ರಫ್ ಆಂಡ್ ಟಫ್' ಎಂದು ಮಾರಿತು. ಹೊಲಿಸಿಕೊಳ್ಳುವುದು ಊರಿನ ದರ್ಜಿಯಿಂದ. ಸಣ್ಣ ಊರಿನ ಹೊಲಿಗೆಯ ಮೇಲೆ ದೊಡ್ಡ ಗಿರಣಿಯೊಂದು ಅಷ್ಟು ನಂಬಿಕೆ ಇಟ್ಟದ್ದು ಈಗ ಯೋಚಿಸಿದರೆ ಸಣ್ಣ ಮಾತಲ್ಲ.

ಈಗಿನ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರವರೆಗೆ ಸಾವಿರ ರೂಪಾಯಿವರೆಗಿನ ಉಡುಪಿಗೆ ಶೇ. 5 ಜಿಎಸ್‌ಟಿ, ಮೇಲಿನದಕ್ಕೆ ಶೇ. 12 ಇತ್ತು. ಸಾವಿರದ ಪ್ಯಾಂಟು ಗಿರಾಕಿಗೆ 1,050 ರೂಪಾಯಿ ಬೀಳುತ್ತಿತ್ತು, 1,100ರದ್ದು 1,232. ನೂರು ರೂಪಾಯಿ ಒಳ್ಳೆಯ ಬಟ್ಟೆ ಹಾಕಿದರೆ ಗಿರಾಕಿಯ ಕೈಯಿಂದ 182 ಹೋಗುತ್ತಿತ್ತು. ಹೀಗಾಗಿ ಸಣ್ಣ ಬ್ರ್ಯಾಂಡ್‌ಗಳು ಸಾವಿರದ ಗೆರೆ ದಾಟಲು ಹೆದರುತ್ತಿದ್ದವು. ಈಗ ಶೇ. 5ರ ಮಿತಿ 2,500 ರೂಪಾಯಿಗೆ ಏರಿದೆ, ಅದರಾಚೆ ಶೇ. 18. ಅದೇ 1,100ರ ಪ್ಯಾಂಟು 1,155ಕ್ಕೆ ಸಿಗುತ್ತದೆ. ಗುಣಮಟ್ಟ ಹೆಚ್ಚಿಸಲು ಇದು ಒಳ್ಳೆಯ ಅವಕಾಶ. ಆದರೆ 1,500, 2,000ದ ಮಾಲು ಮಾರುವ ದೊಡ್ಡ ಕಂಪನಿಗಳಿಗೂ ಇದೇ ರಿಯಾಯಿತಿ ಸಿಕ್ಕಿದೆ ಎಂಬುದನ್ನು ಬಳ್ಳಾರಿ ಮರೆಯುವಂತಿಲ್ಲ.

ಹಣ ಕೈಸೇರುವ ಪ್ರಶ್ನೆ ಇದಕ್ಕಿಂತ ಕಠಿಣ. ಜವಳಿಯಲ್ಲಿ ಮೂರು ತಿಂಗಳ ಉದ್ದರಿ ಹೊಸದಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ 43ಬಿ(ಎಚ್) ನಿಯಮದಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾಗಿ ವರ್ಷ ದಾಟಿದರೆ ಆ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಹೊಲಿಯುವವನ ರಕ್ಷಣೆಗೆ ಬಂದ ನಿಯಮ ಕೆಲವೆಡೆ ಅವನಿಗೇ ತಿರುಗಿತು: ನೋಂದಣಿ ಇಲ್ಲದವರಿಂದಲೇ ಮಾಲು ಕೊಳ್ಳುವ ಚಾಳಿ ಶುರುವಾಯಿತು. ಸಗಟು ಜವಳಿಯಲ್ಲಿರುವ ಜೈನ ಕುಟುಂಬಗಳು ಈ ವ್ಯವಹಾರದ ಎರಡೂ ಬದಿಯಲ್ಲಿವೆ. ನೋಂದಣಿ ಬಿಡು ಎನ್ನುವುದಕ್ಕಿಂತ ಉದ್ದರಿಯ ದಿನ ಕಡಿಮೆ ಮಾಡಿ ದರ ಚೌಕಾಸಿ ಮಾಡುವುದು ಇಬ್ಬರಿಗೂ ಮೇಲು.

ಸರಕಾರದ ಕಡೆಯಿಂದ ಮಾತಿಗೆ ಕೊರತೆಯಿಲ್ಲ. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿ ಬಳ್ಳಾರಿಗೆ 5,000 ಕೋಟಿಯ ಜೀನ್ಸ್ ಪಾರ್ಕ್ ಭರವಸೆ ಕೊಟ್ಟರು. 2025ರಲ್ಲಿ ಮಾಲಿನ್ಯದ ಕಾರಣಕ್ಕೆ ಜೀನ್ಸ್ ತೊಳೆಯುವ ಘಟಕಗಳೇ ಮುಚ್ಚುವ ಆದೇಶ ಎದುರಿಸಿದವು. ಬಣ್ಣದ ನೀರು ಹಾಗೇ ಹೊರಬಿಡುವುದು ತಪ್ಪೇ. ಆದರೆ ಸಾಮೂಹಿಕ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಹತ್ತು ಮಿಷನ್ನಿನ ಮನೆಗೆ ಎಲ್ಲಿಂದ ಬರಬೇಕು?

ಇನ್ನು ಮನೆಯೊಳಗಿನ ವಿಚಾರ. ಅಣ್ಣತಮ್ಮಂದಿರು ಬೇರೆಯಾದಾಗ ಮಿಷನ್ನು, ಗೋದಾಮು ಪಾಲಾಗುತ್ತವೆ, ಹೆಸರು ಯಾರದು? ಕಟ್ಟಡ ವ್ಯವಹಾರದ ಲೋಢಾ ಸಹೋದರರು ಇದೇ ಪ್ರಶ್ನೆಗೆ ಬಾಂಬೆ ಹೈಕೋರ್ಟಿಗೆ ಹೋಗಿ, 2025ರ ಏಪ್ರಿಲ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮಧ್ಯಸ್ಥಿಕೆಯಲ್ಲಿ ರಾಜಿಯಾದರು. ಸಣ್ಣ ಬ್ರ್ಯಾಂಡ್‌ಗೆ ಅಷ್ಟು ದೂರ ಹೋಗುವ ಚೈತನ್ಯವಿರುವುದಿಲ್ಲ. ಉಡುಪುಗಳ ಟ್ರೇಡ್‌ಮಾರ್ಕ್ 25ನೇ ವರ್ಗದಲ್ಲಿ ಬರುತ್ತದೆ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ, ನೋಂದಣಿಯ ಅವಧಿ ಹತ್ತು ವರ್ಷ. ಅರ್ಜಿಯಲ್ಲಿ ಮಾಲೀಕರೆಂದು ಅಪ್ಪನ ಹೆಸರೋ, ಪಾಲುದಾರಿಕೆ ಸಂಸ್ಥೆಯ ಹೆಸರೋ ಎಂಬುದನ್ನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುವಾಗಲೇ ತೀರ್ಮಾನಿಸಿ ಬರೆಸಿಡಬೇಕು.