ವ್ಯಾಗನ್ ಹೋದ ಮೇಲೆ ರೈಲು ಬಂತು

ಆದಿ ಉಡುಪಿಯಲ್ಲಿ ಬಸ್ಸಿಗೆ ಕಾದು ನಿಂತವರು ದಿನಾ ನೋಡುವುದೇ, ಮಾರ್ಕೆಟ್ ಯಾರ್ಡಿಗೆ ಒಂದು ಗೋಣಿ ಈರುಳ್ಳಿ ಬರಬೇಕಾದರೂ ಲಾರಿಯೇ ಗತಿ. ಇಂದ್ರಾಳಿಯಲ್ಲಿ ರೈಲ್ವೇ ಸ್ಟೇಷನ್ ಇದೆಯಲ್ಲ, ಮತ್ತೆ ಲಾರಿ ಯಾಕೆ? ಉತ್ತರ ಸ್ವಲ್ಪ ಹಳೆಯದು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆಮೇಲೆ 86 ವರ್ಷ ನಮಗೆ ಗೂಡ್ಸ್ ಶೆಡ್ ಎಂದರೆ ಮಂಗಳೂರಿನದೇ. ಆಗ ವರ್ತಕನೊಬ್ಬ ಒಂದೇ ವ್ಯಾಗನ್ ಬುಕ್ ಮಾಡಬಹುದಿತ್ತು. ನಾಲ್ಕು ಮೂಟೆಯನ್ನೂ ರೈಲ್ವೇ ಹೊರುತ್ತಿತ್ತು. ಆದರೆ ಯಾರ್ಡ್ ಯಾರ್ಡಿನಲ್ಲೂ ವ್ಯಾಗನ್ ಬಿಡಿಸಿ, ಶಂಟಿಂಗ್ ಮಾಡಿ, ಬೇರೆ ಗಾಡಿಗೆ ಜೋಡಿಸಬೇಕು. ದಿನಗಟ್ಟಲೆ ತಡ. 1980ರ ದಶಕದಲ್ಲಿ ರೈಲ್ವೇ ಈ ಚಿಲ್ಲರೆ ಸಾಗಾಟದಿಂದ ಹಿಂದೆ ಸರಿದು, ಒಂದೇ ಮಾಲು, ಒಂದೇ ಊರು, ಇಡೀ ರೈಲು ಎಂಬ ಪದ್ಧತಿ ಹಿಡಿಯಿತು.

ಉಡುಪಿಗೆ ಕೊಂಕಣ ರೈಲು ಬಂದದ್ದು 1993ರಲ್ಲಿ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ! 1999ರಲ್ಲಿ ಕೊಂಕಣ ರೈಲ್ವೇ ಲಾರಿಗಳನ್ನೇ ಹೊತ್ತು ಸಾಗಿಸುವ ರೋ-ರೋ ಶುರು ಮಾಡಿತು. ಲಾರಿಗೇ ಜಾಗ ಉಂಟು, ನಮ್ಮ ಹತ್ತು ಮೂಟೆಗೆ ಇಲ್ಲವೆಂದರೆ ಹೇಗೆ ಮಾರಾಯ್ರೆ? ಪಾರ್ಸೆಲ್ ಇದೆ ಎನ್ನಬಹುದು. ಕೆಲವೇ ನಿಮಿಷ ನಿಲ್ಲುವ ಗಾಡಿಗೆ ಎಷ್ಟು ಮೂಟೆ ಹತ್ತಿಸುತ್ತೀರಿ?

ಹಳೆಯ ಯಾರ್ಡ್ ಮತ್ತೆ ಬೇಡ. ವರ್ತಕರು ಮಾಲು ಒಟ್ಟು ಮಾಡಲಿ, ವಾರಕ್ಕೊಮ್ಮೆ ಒಂದೆರಡು ವ್ಯಾಗನ್ ಇಂದ್ರಾಳಿಯಲ್ಲಿ ಬಿಟ್ಟುಹೋಗಿ ಎಂದು ರೈಲ್ವೇಯನ್ನು ಕೇಳಲಿ. ಒಬ್ಬೊಬ್ಬರೇ ಹೋದರೆ ಕೇಳುವವರಿಲ್ಲ. ಅಲ್ಲಿಯವರೆಗೆ ಲಾರಿ ಬಾಡಿಗೆ ಅಂಗಡಿಯವನದ್ದು. ಕೊನೆಗೆ ಅದು ಬೀಳುವುದು ಗಿರಾಕಿಯ ಚೀಟಿಗೇ.