ರಕ್ತ ಏರಿದ ಮೇಲೆ ಆರು ಗಂಟೆ

ಪ್ರತಿ ಆಸ್ಪತ್ರೆಯಲ್ಲೂ ಕಾವಲಿರಲಿ, ಪ್ರತಿ ಪ್ರಕರಣವೂ ದಾಖಲಾಗಲಿ



ಮನೆಯವರಿಗೆ ರಕ್ತ ಬೇಕೆಂದಾಗ ನಾವೆಲ್ಲ ಓಡುತ್ತೇವೆ. ಗುಂಪು ಹುಡುಕುತ್ತೇವೆ, ದಾನಿಗಳಿಗೆ ಫೋನ್ ಮಾಡುತ್ತೇವೆ, ರಕ್ತನಿಧಿಯ ಮುಂದೆ ಕಾಯುತ್ತೇವೆ. ಚೀಲ ಖಾಲಿಯಾದೊಡನೆ ‘ಸದ್ಯ, ರಕ್ತ ಏರಿತು’ ಎಂದು ಕಾಫಿ ಕುಡಿಯಲು ಎದ್ದು ಹೋಗುತ್ತೇವೆ. ಎಚ್ಚರದಿಂದ ಕೂರಬೇಕಾದ ಹೊತ್ತು ಅದೇ.

ಗುಂಪು ಹೊಂದಿದ, ಎಲ್ಲ ಪರೀಕ್ಷೆ ಮುಗಿಸಿದ ರಕ್ತದಿಂದಲೂ ಅಪರೂಪಕ್ಕೆ ಶ್ವಾಸಕೋಶಕ್ಕೆ ಹಠಾತ್ ಪೆಟ್ಟು ಬೀಳುತ್ತದೆ. ವೈದ್ಯರು ಇದನ್ನು ‘ಟ್ರಾಲಿ’ (TRALI) ಎನ್ನುತ್ತಾರೆ. 1983ರಲ್ಲೇ ಇದಕ್ಕೆ ಹೆಸರಿಟ್ಟಾಗಿದೆ. ರಕ್ತ ಏರುತ್ತಿರುವಾಗಲೋ, ಏರಿದ 6 ಗಂಟೆಯೊಳಗೋ ರೋಗಿಗೆ ಏದುಸಿರು ಬರುತ್ತದೆ, ಆಮ್ಲಜನಕ ಇಳಿಯುತ್ತದೆ. ಜ್ವರ, ನಡುಕ ಬರಬಹುದು, ಬಿ.ಪಿ. ಕುಸಿಯಬಹುದು. ಎಕ್ಸ್‌ರೇ ತೆಗೆದರೆ ಎರಡೂ ಶ್ವಾಸಕೋಶಗಳು ಬೆಳ್ಳಗೆ ಕಾಣುತ್ತವೆ. ಬೇಗ ಗುರುತಿಸಿ ಆಮ್ಲಜನಕ ಕೊಟ್ಟರೆ, ಬೇಕಾದರೆ ವೆಂಟಿಲೇಟರ್ ಹಾಕಿದರೆ, ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಗುರುತಿಸದೆ ಹೋದರೆ ಜೀವವೇ ಹೋಗಬಹುದು.

ಇದು ಆಗುವುದು ಹೇಗೆ?

ಗರ್ಭಿಣಿಯಾದಾಗ ತಾಯಿಯ ಮೈ, ಮಗುವಿಗೆ ತಂದೆಯಿಂದ ಬಂದ ಗುರುತುಗಳನ್ನು ಹೊರಗಿನವೆಂದು ತಿಳಿದು ಪ್ರತಿಕಾಯಗಳನ್ನು ಮಾಡಿಕೊಳ್ಳುವುದುಂಟು. ಹೆರಿಗೆಗಳು ಹೆಚ್ಚಿದಂತೆ ಇದರ ಸಂಭವವೂ ಹೆಚ್ಚು. ಆಕೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆಕೆಯ ರಕ್ತದ ಪ್ಲಾಸ್ಮಾ ಇನ್ನೊಬ್ಬರ ಮೈ ಸೇರಿದಾಗ ಆ ಪ್ರತಿಕಾಯಗಳು ಅಲ್ಲಿನ ಬಿಳಿ ರಕ್ತಕಣಗಳನ್ನು ಕೆಣಕಬಹುದು. ಸೋಂಕು, ದೊಡ್ಡ ಶಸ್ತ್ರಚಿಕಿತ್ಸೆಗಳಿಂದ ಮೊದಲೇ ಬಳಲಿದವರಲ್ಲಿ ಆ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಜಮಾಯಿಸಿರುತ್ತವೆ. ಕೆರಳಿದ ಕಣಗಳು ನಾಳದ ಗೋಡೆಯನ್ನು ಘಾಸಿಗೊಳಿಸುತ್ತವೆ. ನೀರು ಸೋರಿ ಗಾಳಿ ಚೀಲಗಳು ತುಂಬುತ್ತವೆ. ರಕ್ತ ಏರಿಸುವ ಮೊದಲು ಮಾಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ನೋಡುವುದು ಕೆಂಪು ಕಣಗಳ ಹೊಂದಾಣಿಕೆ. ಬಿಳಿ ಕಣಗಳ ಈ ಜಗಳ ಅಲ್ಲಿ ಸಿಕ್ಕುವುದಿಲ್ಲ.

ತಡೆಯುವ ದಾರಿ ಇದೆ. ಬ್ರಿಟನ್ 2003ರಿಂದ ಪ್ಲಾಸ್ಮಾವನ್ನು ಆದಷ್ಟೂ ಪುರುಷ ದಾನಿಗಳ ರಕ್ತದಿಂದ ತಯಾರಿಸತೊಡಗಿತು, ಪ್ರಕರಣಗಳು ಇಳಿದವು. ಅಮೆರಿಕದ ಎರಡು ದೊಡ್ಡ ಆಸ್ಪತ್ರೆಗಳ ಅಧ್ಯಯನದಲ್ಲಿ, ಇಂಥದೇ ಕ್ರಮದ ನಂತರ, 2006ರಲ್ಲಿ ಸುಮಾರು 4,000 ಯೂನಿಟ್‌ಗೆ ಒಂದರಂತೆ ಇದ್ದದ್ದು 2009ಕ್ಕೆ 12,000ಕ್ಕೆ ಒಂದಾಯಿತು. ನಮ್ಮಲ್ಲಿ ರಕ್ತ ಕೊಡುವವರಲ್ಲಿ ಬಹುಪಾಲು ಪುರುಷರೇ. ಆ ದೇಶಗಳಿಗೆ ಕಷ್ಟವಾದ ಕ್ರಮ ನಮಗೆ ಸುಲಭ.

ಮೌನ ಮುಂದಿನವರನ್ನು ಕೊಲ್ಲುತ್ತದೆ

ಒಬ್ಬ ದಾನಿಯ ಒಂದು ಚೀಲದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರ್ಪಟ್ಟು ಮೂವರಿಗೆ ಹೋಗಬಹುದು. ಪ್ಲಾಸ್ಮಾ ಪಡೆದವರಿಗೆ ಉಸಿರು ಕಟ್ಟಿದಾಗ ಅದೇ ದಾನಿಯ ಪ್ಲೇಟ್‌ಲೆಟ್ ಇನ್ನೂ ರಕ್ತನಿಧಿಯಲ್ಲೇ ಇರಬಹುದು. ಒಂದು ಫೋನ್ ಹೋದರೆ ಅದನ್ನು ತಡೆಹಿಡಿಯಬಹುದು. ‘ಕಾಯಿಲೆ ಉಲ್ಬಣಿಸಿತು’ ಎಂದು ಬರೆದು ಕಡತ ಮುಚ್ಚಿದರೆ ಅದು ಇನ್ನೊಂದು ಹಾಸಿಗೆಗೆ ತಲುಪುತ್ತದೆ.

ಇಂಥ ಪ್ರಕರಣಗಳನ್ನು ದಾಖಲಿಸಲೆಂದೇ 2012ರ ಡಿಸೆಂಬರ್ 10ರಂದು ದೇಶದಲ್ಲಿ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ವರದಿಗಳನ್ನು ಪರಿಶೀಲಿಸುತ್ತದೆ. ಆಸ್ಪತ್ರೆಗಳು ತಾವಾಗಿ ಹೇಳಿದರಷ್ಟೇ ಅದಕ್ಕೆ ತಿಳಿಯುವುದು. ವರದಿ ಮಾಡುವುದು ತಪ್ಪೊಪ್ಪಿಗೆಯಲ್ಲ, ಕರ್ತವ್ಯ.

ನಮ್ಮ ಒತ್ತಾಯಗಳು

1. ರಕ್ತ ಏರಿಸುವ ಮೊದಲು, ಮೊದಲ 15 ನಿಮಿಷದಲ್ಲಿ, ನಡುವೆ, ಮುಗಿದಾಗ, ಆಮೇಲೂ 6 ಗಂಟೆಯವರೆಗೆ ನಾಡಿ, ಬಿ.ಪಿ., ಜ್ವರ, ಉಸಿರು, ಆಮ್ಲಜನಕ ನೋಡಿ ಬರೆಯುವುದು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲೂ ನಿಯಮವಾಗಲಿ.

2. ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಪುರುಷರಿಂದ, ಇಲ್ಲವೇ ಎಂದೂ ಗರ್ಭ ಧರಿಸದ ಮಹಿಳೆಯರಿಂದ ಪಡೆಯಲಿ. ತಾಯಂದಿರ ಕೆಂಪು ಕಣಗಳು ಎಂದಿನಂತೆ ಬಳಕೆಯಾಗಲಿ.

3. ರಕ್ತದ ಪ್ರತಿಯೊಂದು ಪ್ರತಿಕ್ರಿಯೆಯೂ ಅಂದೇ ರಕ್ತನಿಧಿಗೆ ತಿಳಿಯಲಿ. ವರದಿ ಕಡ್ಡಾಯವಾಗಲಿ.

4. ಅಗತ್ಯವಿಲ್ಲದೆ ರಕ್ತ ಏರಿಸುವುದು ನಿಲ್ಲಲಿ. ಸ್ಥಿರವಾಗಿರುವ ಹೆಚ್ಚಿನ ರೋಗಿಗಳಲ್ಲಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಇಳಿಯುವವರೆಗೆ ಕಾಯಬಹುದು.

ರೋಗಿಯ ಪಕ್ಕ ಕೂತವರಿಗೆ

ಸುಸ್ತಿಗೆ ‘ಒಂದು ಬಾಟಲಿ ಹಾಕಿಬಿಡಿ’ ಎಂದು ನಾವೇ ಕೇಳುವುದು ಬೇಡ. ಡೆಂಗಿಯಲ್ಲಿ ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್‌ಲೆಟ್ 10,000ಕ್ಕಿಂತ ಇಳಿಯುವವರೆಗೆ ಏರಿಸಬೇಕಿಲ್ಲವೆಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಸಂಖ್ಯೆ ನೋಡಿ ಗಾಬರಿಯಾಗಿ ವೈದ್ಯರ ಮೇಲೆ ಒತ್ತಡ ಹಾಕಬೇಡಿ.

ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಆಸ್ಪತ್ರೆಗೆ ತನ್ನಿ. ಉಸಿರು ಜೋರಾದರೆ, ತುಟಿ ನೀಲಿಯಾದರೆ, ಅಂಕಿ 90ಕ್ಕಿಂತ ಇಳಿದರೆ ತಕ್ಷಣ ಸಿಸ್ಟರನ್ನು ಕೂಗಿ. ರಕ್ತ ಇನ್ನೂ ಏರುತ್ತಿದ್ದರೆ ಮೊದಲು ನಿಲ್ಲಿಸಲು ಹೇಳಿ. ಚೀಲ ಎಸೆಯಲು ಬಿಡಬೇಡಿ, ಅದು ರಕ್ತನಿಧಿಗೆ ಮರಳಬೇಕು.

ಇದನ್ನೋದಿ ರಕ್ತ ಕೊಡಲು ಯಾರೂ ಹಿಂಜರಿಯಬೇಡಿ. ಕೊಡುವವರಿಗೆ ಈ ಅಪಾಯವಿಲ್ಲ. ಪಡೆಯುವವರಲ್ಲೂ ರಕ್ತ ಸಿಗದೆ ಸಾಯುವ ಭಯವೇ ಇದಕ್ಕಿಂತ ಎಷ್ಟೋ ದೊಡ್ಡದು. ಕೊಟ್ಟ ರಕ್ತ ಜೀವ ಉಳಿಸಬೇಕು, ಅದಕ್ಕಾಗಿಯೇ ಈ ಮಾತು.

ಓದಿ, ಇನ್ನೊಬ್ಬರಿಗೆ ಕೊಡಿ. ಮುಂದಿನ ಸಲ ಚೀಲ ಖಾಲಿಯಾದಾಗ ಗಡಿಯಾರ ನೋಡಿಕೊಳ್ಳಿ. ಆರು ಗಂಟೆ ಕಳೆಯುವವರೆಗೆ ರೋಗಿಯ ಪಕ್ಕದಲ್ಲಿ ಯಾರಾದರೊಬ್ಬರು ಇರಲೇಬೇಕು.